ಪಿಯೆರೊ ಜಿನೋರಿ ಕೊಂಟಿ

ಪಿಯೆರೊ ಜಿನೋರಿ ಕೊಂಟಿ (ಜೂನ್ 3, 1865 – ಡಿಸೆಂಬರ್ 3, 1939) ಇಟಲಿಯ ಉದ್ಯಮಿ ಹಾಗೂ ರಾಜಕಾರಣಿ. ಭೂಗರ್ಭದಿಂದ ತಾನಾಗಿ ಹೊಮ್ಮುವ ಉಗಿಯಿಂದ ವಿದ್ಯುತ್ತನ್ನು ಉತ್ಪಾದಿಸಬಹುದೆಂಬುದನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಪ್ರಯೋಗದಿಂದ ತೋರಿಸಿಕೊಟ್ಟವರು. 1904ರ ಜುಲೈ 4ರಂದು ಟಸ್ಕನಿ ಪ್ರಾಂತದ ಲಾರ್ಡೆರೆಲ್ಲೊ ಎಂಬ ಊರಿನಲ್ಲಿ ಅವರು ಭೂಗರ್ಭದ ಉಗಿಯಿಂದ ಒಂದು ಸಣ್ಣ ಯಂತ್ರವನ್ನು ನಡೆಸಿ ಐದು ವಿದ್ಯುದ್ದೀಪಗಳನ್ನು ಬೆಳಗಿಸಿದರು. 1913ರಲ್ಲಿ ಅದೇ ಊರಿನಲ್ಲಿ ಜಗತ್ತಿನ ಮೊದಲ ವಾಣಿಜ್ಯ ಭೂಶಾಖ ವಿದ್ಯುದಾಗಾರ ಕೆಲಸ ಆರಂಭಿಸಿತು. ಟ್ರೆವಿನ್ಯಾನೊದ ಪ್ರಿನ್ಸ್ ಎಂಬ ಬಿರುದನ್ನು ಹೊಂದಿದ್ದ ಅವರು ಇಟಲಿಯ ಸಂಸತ್ತಿನ ಎರಡೂ ಸದನಗಳ ಸದಸ್ಯರಾಗಿದ್ದರು. ಪುಸ್ತಕ ಸಂಗ್ರಾಹಕರಾಗಿಯೂ ಫ್ಲಾರೆನ್ಸ್ ನಗರದ ಇತಿಹಾಸದ ಅಭ್ಯಾಸಿಯಾಗಿಯೂ ಹೆಸರಾಗಿದ್ದರು.

ಜನನ ಮತ್ತು ಮನೆತನ

ಪಿಯೆರೊ ಅವರು ಹುಟ್ಟಿದ್ದು ಫ್ಲಾರೆನ್ಸ್ ನಗರದಲ್ಲಿ. ಆಗತಾನೆ ಒಂದುಗೂಡಿದ್ದ ಇಟಲಿ ರಾಜ್ಯವು ತನ್ನ ರಾಜಧಾನಿಯನ್ನು ಟ್ಯೂರಿನ್‌ನಿಂದ ಫ್ಲಾರೆನ್ಸ್‌ಗೆ ಬದಲಾಯಿಸಿದ್ದು ಅದೇ 1865ರಲ್ಲಿ. ಜಿನೋರಿ ವಂಶವು ಆ ನಗರದ ಹಳೆಯ ಶ್ರೀಮಂತ ಮನೆತನಗಳಲ್ಲಿ ಒಂದು. ಉದ್ಯಮವೂ ಈ ವಂಶಕ್ಕೆ ಹೊಸದಾಗಿರಲಿಲ್ಲ. ಇದೇ ವಂಶದ ಕಾರ್ಲೊ ಜಿನೋರಿ ಎಂಬವರು 1735ರಲ್ಲಿ ಫ್ಲಾರೆನ್ಸ್ ಬಳಿಯ ದೋಚಾ ಎಂಬಲ್ಲಿ ಸ್ಥಾಪಿಸಿದ್ದ ಪಿಂಗಾಣಿ ಕಾರ್ಖಾನೆ ಯುರೋಪಿನಾದ್ಯಂತ ಪ್ರಸಿದ್ಧವಾಗಿತ್ತು.

1894ರಲ್ಲಿ ಪಿಯೆರೊ ಅವರು ಕೌಂಟ್ ಫ್ಲೊರೆಸ್ಟಾನೊ ದೆ ಲಾರ್ಡೆರೆಲ್ ಅವರ ಮಗಳಾದ ಆದ್ರಿಯಾನಾ ಅವರನ್ನು ವಿವಾಹವಾದರು. ಬೋರಿಕ್ ಆಮ್ಲದ ತಯಾರಿಕೆಯಿಂದ ಸಿರಿವಂತವಾಗಿದ್ದ ಲಾರ್ಡೆರೆಲ್ ಮನೆತನದ ಉದ್ಯಮಕ್ಕೆ ಅವರು ಪ್ರವೇಶಿಸಿದ್ದು ಈ ವಿವಾಹದ ಮೂಲಕ. ಅವರ ಮುಂದಿನ ಜೀವನವೆಲ್ಲ ಆ ಉದ್ಯಮದೊಂದಿಗೆ ಬೆಸೆದುಕೊಂಡಿತು.

ಲಾರ್ಡೆರೆಲ್ಲೊದ ಹಿನ್ನೆಲೆ

ಟಸ್ಕನಿಯಲ್ಲಿ ವೋಲ್ಟೆರಾ ಪಟ್ಟಣದ ದಕ್ಷಿಣಕ್ಕಿರುವ ಬೆಟ್ಟಸಾಲಿನಲ್ಲಿ ನೆಲದ ಬಿರುಕುಗಳಿಂದ ಉಗಿಯು ಸದ್ದು ಮಾಡುತ್ತ ಹೊರಚಿಮ್ಮುತ್ತದೆ. ಇಂತಹ ಉಗಿಯ ಬಾಯಿಗಳಿಗೆ ಸ್ಥಳೀಯರು ಸೊಫಿಯೋನಿ ಎಂದೂ, ಉಗಿ ನುಗ್ಗಿ ಕುದಿಯುವ ಕೆಸರುನೀರಿನ ಹೊಂಡಗಳಿಗೆ ಲಗೋನಿ ಎಂದೂ ಹೆಸರಿಟ್ಟಿದ್ದರು. ಕೊಳೆತ ಮೊಟ್ಟೆಯಂತಹ ಗಂಧಕದ ವಾಸನೆ, ಮುಸುಕಿದ ಹಬೆ, ಹಸಿರಿಲ್ಲದ ನೆಲ ಇವುಗಳಿಂದಾಗಿ ಆ ಪ್ರದೇಶಕ್ಕೆ ಸೈತಾನನ ಕಣಿವೆ ಎಂಬ ಹೆಸರು ಬಂದಿತ್ತು. ಕವಿ ಡಾಂಟೆಯ ನರಕವರ್ಣನೆಗೆ ಈ ಕಣಿವೆಯೇ ಪ್ರೇರಣೆ ಎಂಬ ಮಾತು ಅಲ್ಲಿ ಇಂದಿಗೂ ಪ್ರಚಲಿತವಾಗಿದೆ.

ಈ ಹೊಂಡಗಳ ನೀರಿನಲ್ಲಿ ಬೋರಿಕ್ ಆಮ್ಲವಿದೆ ಎಂಬುದನ್ನು 1777ರಲ್ಲಿ ರಸಾಯನಜ್ಞ ಹೋಫರ್ ಕಂಡುಹಿಡಿದರು. ಔಷಧ ತಯಾರಿಕೆ, ಗಾಜು ಮತ್ತು ಪಿಂಗಾಣಿಯ ಕೈಗಾರಿಕೆ, ಲೋಹಗಳ ಬೆಸುಗೆ ಮುಂತಾದವುಗಳಿಗೆ ಈ ಆಮ್ಲವೂ ಇದರಿಂದ ತಯಾರಾಗುವ ಬಿಳಿಗಾರವೂ ಬೇಕಾಗಿದ್ದವು. ಫ್ರಾನ್ಸಿನಿಂದ ಬಂದು ಟಸ್ಕನಿಯಲ್ಲಿ ನೆಲೆಸಿದ್ದ ಫ್ರಾನ್ಸ್ವಾ ಜಾಕ್ ದೆ ಲಾರ್ಡೆರೆಲ್ ಎಂಬ ವ್ಯಾಪಾರಿ 1818ರಲ್ಲಿ ಬೋರಿಕ್ ಆಮ್ಲದ ತಯಾರಿಕೆಯನ್ನು ಆರಂಭಿಸಿದರು. ಹೊಂಡದ ನೀರನ್ನು ಕುದಿಸಿ ಇಂಗಿಸಿದರೆ ಆಮ್ಲ ಹರಳುಗಟ್ಟುತ್ತಿತ್ತು. ಆದರೆ ಕುದಿಸಲು ಬೇಕಾದ ಸೌದೆಗಾಗಿ ಸುತ್ತಲಿನ ಕಾಡು ಬರಿದಾಗತೊಡಗಿತು, ಸೌದೆಯ ಖರ್ಚು ಲಾಭವನ್ನು ನುಂಗುತ್ತಿತ್ತು. 1827ರಲ್ಲಿ ಲಾರ್ಡೆರೆಲ್ ಅವರು ಹೊಂಡದ ಮೇಲೆ ಇಟ್ಟಿಗೆಯ ಗುಮ್ಮಟ ಕಟ್ಟಿಸಿ, ಅದರಲ್ಲಿ ಸೇರಿದ ಉಗಿಯನ್ನೇ ಕೊಳವೆಗಳ ಮೂಲಕ ಹಾಯಿಸಿ ಕಡಾಯಿಗಳನ್ನು ಕಾಯಿಸುವ ಕ್ರಮವನ್ನು ಜಾರಿಗೆ ತಂದರು. ಭೂಮಿಯ ಶಾಖವನ್ನು ಕೈಗಾರಿಕೆಗೆ ದೊಡ್ಡ ಪ್ರಮಾಣದಲ್ಲಿ ಬಳಸಿದ ಆರಂಭದ ನಿದರ್ಶನಗಳಲ್ಲಿ ಇದು ಮುಖ್ಯವಾದುದು. ಕಾರ್ಖಾನೆಯ ಸುತ್ತ ಕಾರ್ಮಿಕರ ವಸತಿ, ಶಾಲೆ, ಚರ್ಚು ಎದ್ದವು. ಟಸ್ಕನಿಯ ದೊರೆ ಎರಡನೆಯ ಲಿಯೋಪೋಲ್ಡ್ 1846ರಲ್ಲಿ ಆ ಊರಿಗೆ ಲಾರ್ಡೆರೆಲ್ಲೊ ಎಂದು ನಾಮಕರಣ ಮಾಡಿದನು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಉದ್ಯಮಕ್ಕೆ ಕಷ್ಟಕಾಲ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತಿತರ ಕಡೆಗಳಲ್ಲಿ ಬಿಳಿಗಾರದ ದೊಡ್ಡ ನಿಕ್ಷೇಪಗಳು ದೊರೆತವು. ನೆಲದಿಂದ ಅಗೆದು ತೆಗೆಯುವ ಅಗ್ಗದ ಖನಿಜದೊಂದಿಗೆ, ನೀರನ್ನು ಇಂಗಿಸಿ ತೆಗೆಯುವ ಆಮ್ಲವು ಪೈಪೋಟಿ ನಡೆಸಬೇಕಾಯಿತು. ಒಂದು ಕಾಲಕ್ಕೆ ಯುರೋಪಿನ ಮಾರುಕಟ್ಟೆಯನ್ನು ಆಳಿದ್ದ ಲಾರ್ಡೆರೆಲ್ಲೊದ ಭವಿಷ್ಯವೂ ಅದನ್ನೇ ನಂಬಿದ್ದ ಹಳ್ಳಿಗಳ ಬದುಕೂ ಅನಿಶ್ಚಿತವಾದವು.

1904ರ ಪ್ರಯೋಗ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉದ್ಯಮದ ಹೊಣೆ ಜಿನೋರಿ ಕೊಂಟಿ ಅವರ ಕೈಗೆ ಬಂದಾಗ ಅವರ ಮುಂದಿದ್ದ ಪ್ರಶ್ನೆ ಸ್ಪಷ್ಟವಾಗಿತ್ತು. ಆಮ್ಲದ ಬೆಲೆಯನ್ನು ನಿರ್ಧರಿಸುವ ಶಕ್ತಿ ತಮಗಿರಲಿಲ್ಲ. ಆದರೆ ನೆಲದಿಂದ ಹೊಮ್ಮುವ ಉಗಿಯು ತಮ್ಮಲ್ಲಿದ್ದಷ್ಟು ಬೇರೆಲ್ಲಿಯೂ ಕೈಗಾರಿಕೆಗೆ ಒದಗಿರಲಿಲ್ಲ. ಆಮ್ಲವನ್ನು ಹೊತ್ತು ತರುವ ವಾಹಕವೆಂದೂ ಕಡಾಯಿ ಕಾಯಿಸುವ ಇಂಧನವೆಂದೂ ಮಾತ್ರ ಅದುವರೆಗೆ ಎಣಿಸಲ್ಪಟ್ಟಿದ್ದ ಉಗಿಯನ್ನು ಅವರು ಯಂತ್ರಶಕ್ತಿಯ ಮೂಲವೆಂದು ಪರಿಗಣಿಸಿದರು. ಇಟಲಿಯಲ್ಲಿ ಕಲ್ಲಿದ್ದಲಿನ ಗಣಿಗಳು ತೀರ ಕಡಿಮೆ. ಬೇಕಾದ ಕಲ್ಲಿದ್ದಲನ್ನು ಬಹುಮಟ್ಟಿಗೆ ಹೊರದೇಶಗಳಿಂದ ತರಿಸಬೇಕಾಗಿದ್ದ ಕಾಲದಲ್ಲಿ, ಕಲ್ಲಿದ್ದಲಿಲ್ಲದೆ ದೊರೆಯುವ ಉಗಿಯ ಬೆಲೆಯನ್ನು ಊಹಿಸುವುದು ಕಷ್ಟವಾಗಿರಲಿಲ್ಲ.

1904ರ ಜುಲೈ 4ರಂದು ಲಾರ್ಡೆರೆಲ್ಲೊದಲ್ಲಿ ಕೊಂತ (ಪಿಸ್ಟನ್) ಇರುವ ಒಂದು ಸಣ್ಣ ಉಗಿಯಂತ್ರವನ್ನು ಭೂಗರ್ಭದ ಉಗಿಯಿಂದ ನಡೆಸಿ, ಅದಕ್ಕೆ ಜೋಡಿಸಿದ್ದ ಡೈನಮೊದಿಂದ ಐದು ದೀಪಗಳನ್ನು ಬೆಳಗಿಸಲಾಯಿತು. ಬಂದ ವಿದ್ಯುತ್ತು ಅತ್ಯಲ್ಪ. ಆದರೆ ಬಾಯ್ಲರಿನಲ್ಲಿ ಇಂಧನ ಸುಡದೆಯೇ ಉಗಿಯಂತ್ರ ನಡೆಯಬಲ್ಲದು, ಅದರಿಂದ ವಿದ್ಯುತ್ ಹುಟ್ಟಬಲ್ಲದು ಎಂಬುದು ಅಂದು ಸಿದ್ಧವಾಯಿತು.

ಮರುವರ್ಷ, ಅಂದರೆ 1905ರಲ್ಲಿ, 20 ಕಿಲೋವ್ಯಾಟ್ ಸಾಮರ್ಥ್ಯದ ಘಟಕವೊಂದನ್ನು ಸ್ಥಾಪಿಸಲಾಯಿತು. ಇದರ ವಿದ್ಯುತ್ತು ಲಾರ್ಡೆರೆಲ್ಲೊದ ಕಾರ್ಖಾನೆಗೂ ಅಲ್ಲಿನ ಕೆಲವು ಮನೆಗಳಿಗೂ ಬಳಕೆಯಾಯಿತು.

ಅಶುದ್ಧ ಉಗಿಯ ಸಮಸ್ಯೆ

ಐದು ದೀಪಗಳಿಂದ ವಿದ್ಯುದಾಗಾರದವರೆಗಿನ ದಾರಿ ಒಂಬತ್ತು ವರ್ಷಗಳದ್ದು. ಇದಕ್ಕೆ ಮುಖ್ಯ ಕಾರಣ ಉಗಿಯ ಗುಣ. ಬಾಯ್ಲರಿನಲ್ಲಿ ನೀರು ಕಾಯಿಸಿ ಪಡೆಯುವ ಉಗಿ ಶುದ್ಧವಾಗಿರುತ್ತದೆ. ಲಾರ್ಡೆರೆಲ್ಲೊದ ಉಗಿಯಲ್ಲಿ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಅಮೋನಿಯ ಮತ್ತು ಬೋರಿಕ್ ಆಮ್ಲ ಬೆರೆತಿದ್ದವು. ಇವು ಯಂತ್ರದ ಲೋಹವನ್ನು ತಿನ್ನುತ್ತಿದ್ದವು. ಅಲ್ಲದೆ, ಟರ್ಬೈನಿನಿಂದ ಹೊರಬಂದ ಉಗಿಯನ್ನು ತಣಿಸಿ ನೀರಾಗಿಸಿದರೆ ಅಲ್ಲಿ ಉಂಟಾಗುವ ನಿರ್ವಾತದಿಂದ ಟರ್ಬೈನಿಗೆ ಹೆಚ್ಚು ಬಲ ದೊರೆಯುತ್ತದೆ. ಆದರೆ ತಣಿಸಿದರೂ ದ್ರವವಾಗದ ಅನಿಲಗಳು ಅಲ್ಲಿ ಶೇಖರಗೊಂಡು ಆ ನಿರ್ವಾತವನ್ನು ಕೆಡಿಸುತ್ತಿದ್ದವು.

ಇದಕ್ಕೆ ಕಂಡುಕೊಂಡ ಪರಿಹಾರ ಪರೋಕ್ಷ ವಿಧಾನ. ಭೂಗರ್ಭದ ಉಗಿಯನ್ನು ನೇರವಾಗಿ ಟರ್ಬೈನಿಗೆ ಬಿಡದೆ, ಶಾಖ ವಿನಿಮಯಕದಲ್ಲಿ ಹಾಯಿಸಿ ಅದರ ಶಾಖದಿಂದ ಶುದ್ಧ ನೀರನ್ನು ಕುದಿಸುವುದು, ಹಾಗೆ ಹುಟ್ಟಿದ ಶುದ್ಧ ಉಗಿಯಿಂದ ಟರ್ಬೈನನ್ನು ತಿರುಗಿಸುವುದು ಈ ವಿಧಾನದ ಸಾರ. ಶಾಖದ ಒಂದು ಪಾಲು ಇದರಲ್ಲಿ ನಷ್ಟವಾಗುತ್ತಿತ್ತು. ಪ್ರತಿಯಾಗಿ ಯಂತ್ರಗಳು ಬಾಳಿಕೆ ಬರುತ್ತಿದ್ದವು. ಶಾಖ ನೀಡಿದ ಮೂಲ ಉಗಿಯಲ್ಲಿದ್ದ ರಾಸಾಯನಿಕಗಳನ್ನು ಬೇರ್ಪಡಿಸಿಕೊಳ್ಳಲೂ ಸಾಧ್ಯವಾಗುತ್ತಿತ್ತು. ಹೀಗೆ ಹಳೆಯ ಆಮ್ಲದ ಉದ್ಯಮವೂ ಹೊಸ ವಿದ್ಯುತ್ ಉದ್ಯಮವೂ ಒಂದೇ ಉಗಿಯಿಂದ ನಡೆದವು.

ಜಿನೋರಿ ಕೊಂಟಿ ಅವರು ಈ ಕೆಲಸಕ್ಕೆ ವಿಜ್ಞಾನಿಗಳ ನೆರವನ್ನು ಪಡೆದರು. ಪೀಸಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಫಾಯೆಲೊ ನಸೀನಿ ಅವರು ಸೊಫಿಯೋನಿಗಳ ಅನಿಲಗಳನ್ನು ದೀರ್ಘಕಾಲ ಅಭ್ಯಸಿಸಿ, ಆ ಉಗಿಯ ಮತ್ತು ಬೋರಿಕ್ ಆಮ್ಲದ ಉದ್ಯಮದ ಕುರಿತು 1930ರಲ್ಲಿ ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದರು.

ಮೊದಲ ವಿದ್ಯುದಾಗಾರ

1912ರಲ್ಲಿ ಲಾರ್ಡೆರೆಲ್ಲೊ ಬೋರಿಕ್ ಉದ್ಯಮವು ಷೇರು ಬಂಡವಾಳದ ಕಂಪನಿಯಾಗಿ ಮರುರೂಪ ಪಡೆಯಿತು. ಜಿನೋರಿ ಕೊಂಟಿ ಅವರ ನೇತೃತ್ವದ ಈ ಕಂಪನಿಯು 1913ರಲ್ಲಿ 250 ಕಿಲೋವ್ಯಾಟ್ ಸಾಮರ್ಥ್ಯದ ಟರ್ಬೈನಿನೊಂದಿಗೆ ವಿದ್ಯುದಾಗಾರವನ್ನು ಆರಂಭಿಸಿತು. ಕಾರ್ಖಾನೆಯ ಅಗತ್ಯಕ್ಕೆ ಸೀಮಿತವಾಗದೆ ವೋಲ್ಟೆರಾ, ಪೊಮರಾಂಚೆ ಮುಂತಾದ ಸುತ್ತಲಿನ ಊರುಗಳಿಗೂ ಇಲ್ಲಿಂದ ವಿದ್ಯುತ್ತು ಹರಿಯಿತು. ಭೂಶಾಖದ ವಿದ್ಯುತ್ತು ಮಾರಾಟದ ಸರಕಾದದ್ದು ಇಲ್ಲಿಂದ.

ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಸಮುದ್ರಮಾರ್ಗದ ಅಪಾಯಗಳಿಂದ ಇಟಲಿಗೆ ಬರುವ ಕಲ್ಲಿದ್ದಲು ಕಡಿಮೆಯಾಗಿ ಬೆಲೆ ಏರಿತು. ಅದುವರೆಗೆ ಕುತೂಹಲದ ವಿಷಯವಾಗಿದ್ದ ನೆಲದ ಉಗಿ ಈಗ ದೇಶದ ಅಗತ್ಯವಾಯಿತು. ಯುದ್ಧಕಾಲದಲ್ಲಿಯೇ ಲಾರ್ಡೆರೆಲ್ಲೊದಲ್ಲಿ ಸಾವಿರಾರು ಕಿಲೋವ್ಯಾಟ್ ಸಾಮರ್ಥ್ಯದ ದೊಡ್ಡ ಟರ್ಬೈನುಗಳು ಸ್ಥಾಪನೆಗೊಂಡು ಟಸ್ಕನಿಯ ದೂರದ ಪಟ್ಟಣಗಳಿಗೂ ವಿದ್ಯುತ್ ಪೂರೈಕೆಯಾಯಿತು.

ಲೋಹಶಾಸ್ತ್ರ ಮುಂದುವರಿದಂತೆ ಪರೋಕ್ಷ ವಿಧಾನದ ನಷ್ಟವನ್ನು ತಪ್ಪಿಸುವ ಪ್ರಯತ್ನಗಳೂ ನಡೆದವು. 1923ರಲ್ಲಿ ಸಮೀಪದ ಸೆರಾಟ್ಸಾನೊದಲ್ಲಿ ಭೂಗರ್ಭದ ಉಗಿಯನ್ನು ನೇರವಾಗಿ ಬಳಸುವ ಸಣ್ಣ ಟರ್ಬೈನನ್ನು ಪರೀಕ್ಷಿಸಲಾಯಿತು. ಆ ದಶಕದ ಉತ್ತರಾರ್ಧದಲ್ಲಿ ಕಾಸ್ಟೆಲ್ನುವೊವೊದಲ್ಲಿ ಅದೇ ವಿಧಾನದ, ಹೆಚ್ಚು ಸಾಮರ್ಥ್ಯದ ಯಂತ್ರಗಳು ಬಂದವು. ಇಂತಹ ಟರ್ಬೈನುಗಳು ಬಳಸಿದ ಉಗಿಯನ್ನು ತಣಿಸದೆ ಗಾಳಿಗೆ ಬಿಡುತ್ತಿದ್ದುದರಿಂದ ಅನಿಲಗಳ ತೊಡಕು ಅವುಗಳಿಗೆ ಇರಲಿಲ್ಲ.

ಶಾಖದ ಇತರ ಉಪಯೋಗಗಳು

ವಿದ್ಯುತ್ತಿನ ಜೊತೆಗೆ ಶಾಖದ ನೇರ ಬಳಕೆಯೂ ಜಿನೋರಿ ಕೊಂಟಿ ಅವರ ಕಾಲದಲ್ಲಿ ಬೆಳೆಯಿತು. 1910ರಿಂದ 1940ರ ನಡುವಣ ಅವಧಿಯಲ್ಲಿ ಟರ್ಬೈನಿಗೆ ಸಾಲದಷ್ಟು ಕಡಿಮೆ ಒತ್ತಡದ ಉಗಿಯನ್ನು ಕಾರ್ಖಾನೆಯ ಕಟ್ಟಡಗಳು, ವಾಸದ ಮನೆಗಳು ಮತ್ತು ಗಿಡ ಬೆಳೆಸುವ ಗಾಜಿನ ಮನೆಗಳನ್ನು ಬೆಚ್ಚಗಿಡಲು ಬಳಸಲಾಯಿತು. ಚಳಿಗಾಲದಲ್ಲಿ ಸೌದೆ, ಕಲ್ಲಿದ್ದಲುಗಳಿಗೆ ಹಣ ತೆರಬೇಕಾಗಿದ್ದ ಬೆಟ್ಟದೂರಿನ ನಿವಾಸಿಗಳಿಗೆ ಇದರ ಪ್ರಯೋಜನ ಕಣ್ಣಿಗೆ ಕಾಣುವಂತಿತ್ತು. ಹೆಚ್ಚು ಒತ್ತಡದ ಉಗಿ ವಿದ್ಯುತ್ತಿಗೆ, ಕಡಿಮೆ ಒತ್ತಡದ ಉಗಿ ಬಿಸಿಗೆ, ಉಗಿಯಲ್ಲಿರುವ ವಸ್ತುಗಳು ರಾಸಾಯನಿಕ ತಯಾರಿಕೆಗೆ ಎಂಬ ಈ ಹಂಚಿಕೆಯು ಇಂದಿನ ಭೂಶಾಖ ಯೋಜನೆಗಳಲ್ಲಿಯೂ ಕಾಣಬರುತ್ತದೆ.

ಕೊಳವೆಬಾವಿಗಳು

ನೆಲದ ಮೇಲೆ ತಾನಾಗಿ ಹೊಮ್ಮುವ ಉಗಿ ದೊಡ್ಡ ಟರ್ಬೈನುಗಳಿಗೆ ಸಾಲುವಂತಿರಲಿಲ್ಲ. ಕೊಳವೆಬಾವಿ ಕೊರೆದು ಉಗಿ ತೆಗೆಯುವ ರೂಢಿ ಲಾರ್ಡೆರೆಲ್ಲೊದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇತ್ತು. ವಿದ್ಯುತ್ ಉದ್ಯಮ ಬೆಳೆದಂತೆ ಬಾವಿಗಳು ಇನ್ನಷ್ಟು ಆಳಕ್ಕೆ ಇಳಿದವು. ಈ ಕೆಲಸ ಅಪಾಯದ್ದು. ಕೊರೆಯುವ ಕೊಳವೆಯು ಉಗಿ ಸೇರಿಕೊಂಡಿರುವ ಬಿರುಕನ್ನು ತಾಕಿದ ಕ್ಷಣ ಬಾವಿಯಿಂದ ಸುಡುವ ಉಗಿಯೂ ಕಲ್ಲುಚೂರುಗಳೂ ಭಾರಿ ಸದ್ದಿನೊಂದಿಗೆ ಮೇಲಕ್ಕೆ ಚಿಮ್ಮುತ್ತಿದ್ದವು. ಅದನ್ನು ಕವಾಟದಿಂದ ಹದ್ದುಬಸ್ತಿಗೆ ತರುವುದು ಕೊರೆಯುವ ಕೆಲಸಗಾರರ ಧೈರ್ಯಕ್ಕೂ ನೈಪುಣ್ಯಕ್ಕೂ ಪರೀಕ್ಷೆಯಾಗಿತ್ತು.

1931ರಲ್ಲಿ ಕೊರೆದ ಒಂದು ಬಾವಿಯಿಂದ ಗಂಟೆಗೆ ಸುಮಾರು 220 ಟನ್ ಉಗಿ ಹೊರಬಂದಿತು. ಅದುವರೆಗಿನ ಬಾವಿಗಳೆಲ್ಲವನ್ನೂ ಮೀರಿಸಿದ ಇದಕ್ಕೆ ಮಹಾ ಸೊಫಿಯೋನೆ ಎಂಬ ಅರ್ಥದ ಸೊಫಿಯೋನಿಸಿಮೊ ಎಂಬ ಹೆಸರು ಬಂದಿತು. ಇಂತಹ ಬಾವಿಗಳಿಂದಾಗಿ ಮುಂದಿನ ದಶಕದಲ್ಲಿ ವಿದ್ಯುತ್ ಉತ್ಪಾದನೆಯ ಸಾಮರ್ಥ್ಯ ಹಲವು ಪಟ್ಟು ಹೆಚ್ಚಿತು.

ಸಾರ್ವಜನಿಕ ಜೀವನ ಮತ್ತು ಇತಿಹಾಸದ ಆಸಕ್ತಿ

ಜಿನೋರಿ ಕೊಂಟಿ ಅವರು ಮೊದಲು ಸಂಸತ್ತಿನ ಕೆಳಮನೆಗೆ ಚುನಾಯಿತರಾದರು, ಬಳಿಕ ಸೆನೆಟಿಗೆ ನೇಮಕಗೊಂಡರು. ಅಂದಿನ ಇಟಲಿಯಲ್ಲಿ ಸೆನೆಟರುಗಳನ್ನು ದೊರೆಯು ಜೀವಿತಾವಧಿಗೆ ನೇಮಿಸುತ್ತಿದ್ದನು. ಹೀಗಾಗಿ ಮುಸೊಲಿನಿಯ ಆಡಳಿತದ ವರ್ಷಗಳಲ್ಲಿಯೂ ಅವರು ಸೆನೆಟ್ ಸದಸ್ಯರಾಗಿ ಮುಂದುವರಿದರು.

ಅವರು ಅಪರೂಪದ ಪುಸ್ತಕಗಳನ್ನು ಸಂಗ್ರಹಿಸಿದ್ದರು. ಫ್ಲಾರೆನ್ಸಿನ ಮೆಡಿಚಿ ಮನೆತನದ ಒಂದು ವಿವಾಹೋತ್ಸವದ ಅಲಂಕಾರಗಳ ಕುರಿತ ಅವರ ಗ್ರಂಥ 1936ರಲ್ಲಿ ಪ್ರಕಟವಾಯಿತು. ಜಿನೋರಿ ಮನೆತನಕ್ಕೂ ಫ್ಲಾರೆನ್ಸಿನ ಸಂತ ಲೊರೆಂಜೊ ಚರ್ಚಿಗೂ ಇದ್ದ ಸಂಬಂಧವನ್ನು ಕುರಿತ ಗ್ರಂಥ ಅವರ ಮರಣಾನಂತರ 1940ರಲ್ಲಿ ಹೊರಬಂದಿತು. ವಿಜ್ಞಾನದ ಹಳೆಯ ಉಪಕರಣಗಳನ್ನು ಕಾಪಾಡಬೇಕೆಂಬ ಚಟುವಟಿಕೆಯಲ್ಲಿಯೂ ಅವರು ಮುಂದಾಳಾಗಿದ್ದರು. 1929ರಲ್ಲಿ ಫ್ಲಾರೆನ್ಸ್‌ನಲ್ಲಿ ನಡೆದ ವಿಜ್ಞಾನ ಇತಿಹಾಸದ ರಾಷ್ಟ್ರೀಯ ಪ್ರದರ್ಶನದ ಸಂಘಟನೆಯಲ್ಲಿ ಅವರ ಪಾತ್ರವಿತ್ತು. ಅದರ ಮುಂದುವರಿಕೆಯಾಗಿ 1930ರಲ್ಲಿ ಆರಂಭವಾದ ವಿಜ್ಞಾನ ಇತಿಹಾಸದ ವಸ್ತುಸಂಗ್ರಹಾಲಯವು ಈಗ ಗೆಲಿಲಿಯೊ ವಸ್ತುಸಂಗ್ರಹಾಲಯವೆಂದು ಪ್ರಸಿದ್ಧವಾಗಿದೆ.

ಕೊನೆಯ ದಿನಗಳು ಮತ್ತು ಅನಂತರ

1930ರ ದಶಕದ ಕೊನೆಯಲ್ಲಿ ಇಟಲಿಯು ರೈಲುಮಾರ್ಗಗಳ ವಿದ್ಯುದೀಕರಣಕ್ಕೆ ವಿದ್ಯುತ್ತಿನ ಹೊಸ ಮೂಲಗಳನ್ನು ಹುಡುಕುತ್ತಿತ್ತು. 1939ರ ಕೊನೆಯಲ್ಲಿ ಲಾರ್ಡೆರೆಲ್ಲೊದ ಉದ್ಯಮವು ಸರ್ಕಾರಿ ರೈಲ್ವೆಯ ಅಧೀನದ ಹೊಸ ಕಂಪನಿಗೆ ಸೇರಿತು. ಅದೇ ವರ್ಷದ ಡಿಸೆಂಬರ್ 3ರಂದು ಜಿನೋರಿ ಕೊಂಟಿ ಅವರು ಫ್ಲಾರೆನ್ಸ್‌ನಲ್ಲಿ ನಿಧನರಾದರು. ಅವರಿಗೆ 74 ವರ್ಷ ವಯಸ್ಸಾಗಿತ್ತು. ಲಾರ್ಡೆರೆಲ್ ಮನೆತನದ ಕೈಯಲ್ಲಿ ಶತಮಾನಕ್ಕೂ ಮೇಲ್ಪಟ್ಟು ಬೆಳೆದ ಉದ್ಯಮದ ಖಾಸಗಿ ಅಧ್ಯಾಯವೂ ಅವರ ಆಯುಷ್ಯವೂ ಬಹುತೇಕ ಒಟ್ಟಿಗೇ ಮುಗಿದವು.

ಎರಡನೆಯ ಮಹಾಯುದ್ಧದ ವೇಳೆಗೆ ಇಲ್ಲಿನ ಸ್ಥಾಪಿತ ಸಾಮರ್ಥ್ಯ 120 ಮೆಗಾವ್ಯಾಟ್ ಮೀರಿತ್ತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ವಿದ್ಯುದಾಗಾರಗಳನ್ನು ಸ್ಫೋಟಿಸಿ ಹಾಳುಗೆಡವಿತು. ಆದರೆ ನೆಲದಡಿಯ ಉಗಿ ಉಳಿದಿತ್ತು, ಅದನ್ನು ಬಳಸಬಲ್ಲ ಕೆಲಸಗಾರರ ಅನುಭವವೂ ಉಳಿದಿತ್ತು. ಯುದ್ಧಾನಂತರದ ಕೆಲವೇ ವರ್ಷಗಳಲ್ಲಿ ವಿದ್ಯುದಾಗಾರಗಳನ್ನು ಮರಳಿ ಕಟ್ಟಲಾಯಿತು. 1960ರ ದಶಕದಲ್ಲಿ ಇಟಲಿಯ ವಿದ್ಯುತ್ ಕ್ಷೇತ್ರ ರಾಷ್ಟ್ರೀಕರಣಗೊಂಡಾಗ ಇವು ಎನೆಲ್ ಸಂಸ್ಥೆಯ ಆಡಳಿತಕ್ಕೆ ಬಂದವು.

ಕ್ಯಾಲಿಫೋರ್ನಿಯಾದ ಗೀಸರ್ಸ್ ಎಂಬಲ್ಲಿ 1920ರ ದಶಕದಲ್ಲಿಯೇ ಇಂತಹ ಪ್ರಯತ್ನ ನಡೆದಿದ್ದರೂ ಅದು ಆಗ ಬೇರೂರಲಿಲ್ಲ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ವಿದ್ಯುದಾಗಾರ ಆರಂಭವಾಗುವವರೆಗೂ ಭೂಶಾಖದಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುತ್ ಉತ್ಪಾದಿಸುತ್ತಿದ್ದ ದೇಶ ಇಟಲಿಯೊಂದೇ. ಗೀಸರ್ಸ್‌ನಲ್ಲಿ ವಾಣಿಜ್ಯ ಉತ್ಪಾದನೆ 1960ರಲ್ಲಿ ಆರಂಭವಾಯಿತು. ಮುಂದೆ ಐಸ್‌ಲ್ಯಾಂಡ್, ಫಿಲಿಪೈನ್ಸ್, ಇಂಡೊನೇಷ್ಯಾ, ಕೀನ್ಯಾ ಮೊದಲಾದ ದೇಶಗಳೂ ಈ ದಾರಿ ಹಿಡಿದವು.

ಮೌಲ್ಯಮಾಪನ

ಜಿನೋರಿ ಕೊಂಟಿ ಅವರ ಹೆಸರು ಸಾಮಾನ್ಯವಾಗಿ ಐದು ದೀಪಗಳ ಪ್ರಯೋಗದೊಂದಿಗೆ ಮಾತ್ರ ನೆನಪಾಗುತ್ತದೆ. ಅವರು ಯಂತ್ರಶಿಲ್ಪಿಯಾಗಿರಲಿಲ್ಲ, ರಸಾಯನಜ್ಞರೂ ಆಗಿರಲಿಲ್ಲ. ಉಗಿಯನ್ನು ಕೊಳವೆಗೆ ಸೇರಿಸಿ ಬಳಸುವ ವಿದ್ಯೆ ಲಾರ್ಡೆರೆಲ್ ಅವರ ಕಾಲದಿಂದ ಬಂದದ್ದು, ಯಂತ್ರಗಳು ಇಂಜಿನಿಯರುಗಳವು, ಬಾವಿಗಳು ಕಾರ್ಮಿಕರ ಕೈಕೆಲಸ. ಪ್ರಯೋಗದ ಯಶಸ್ಸಿಗೇ ತೃಪ್ತರಾಗದೆ, ಅಶುದ್ಧ ಉಗಿಯ ತೊಡಕು ಬಗೆಹರಿಯುವವರೆಗೂ ಬಂಡವಾಳವನ್ನು ಹೂಡುತ್ತ ಹೋಗಿ, ವಿದ್ಯುತ್ತನ್ನು ಊರಿನ ಮನೆಗಳವರೆಗೆ ತಲುಪಿಸಿದ್ದು ಅವರ ಸ್ವಂತ ಕೊಡುಗೆ. ಕುಸಿಯುತ್ತಿದ್ದ ಆಮ್ಲದ ಉದ್ಯಮಕ್ಕೆ ಜೊತೆಗೂಡಿದ ಈ ಹೊಸ ಉದ್ಯಮದಿಂದ ಲಾರ್ಡೆರೆಲ್ಲೊ ಪಾಳುಬೀಳದೆ ಉಳಿಯಿತು.

ಅವರ ಕಾಲದಲ್ಲಿ ನೆಲದ ಉಗಿ ಬತ್ತದ ಸಂಪತ್ತೆಂದೇ ತೋರುತ್ತಿತ್ತು. ದಶಕಗಳ ಬಳಕೆಯ ನಂತರ ಬಾವಿಗಳಲ್ಲಿ ಒತ್ತಡ ಕುಗ್ಗಿದ್ದು ಕಂಡುಬಂದಿತು. ನೆಲದೊಳಗಿನ ಬಂಡೆಗಳ ಶಾಖ ಬಹುಕಾಲ ಉಳಿಯುತ್ತದೆ, ಆದರೆ ಆ ಶಾಖವನ್ನು ಮೇಲಕ್ಕೆ ತರುವ ನೀರು ಮಳೆಯಿಂದ ನಿಧಾನವಾಗಿ ಇಂಗಿ ತುಂಬಿಕೊಳ್ಳಬೇಕು. ಆದ್ದರಿಂದ 1970ರ ದಶಕದ ಕೊನೆಯಿಂದ ಲಾರ್ಡೆರೆಲ್ಲೊದಲ್ಲಿ ಬಳಸಿದ ಉಗಿಯ ನೀರನ್ನು ಮತ್ತೆ ಭೂಗರ್ಭಕ್ಕೆ ಇಳಿಸುವ ಕ್ರಮ ಜಾರಿಗೆ ಬಂದಿತು. ಬಾವಿಗಳನ್ನು ಇನ್ನೂ ಆಳಕ್ಕೆ, ಕೆಲವೆಡೆ ಮೂರು ಕಿಲೋಮೀಟರಿಗೂ ಮೀರಿ ಕೊರೆಯಲಾಯಿತು. ಇಂದು ಟಸ್ಕನಿಯ ಭೂಶಾಖ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ ಸುಮಾರು 800 ಮೆಗಾವ್ಯಾಟ್. ಆ ಪ್ರಾಂತಕ್ಕೆ ಬೇಕಾದ ವಿದ್ಯುತ್ತಿನ ದೊಡ್ಡ ಪಾಲು ಇವುಗಳಿಂದ ಬರುತ್ತದೆ. ಸಮೀಪದ ಹಲವು ಊರುಗಳ ಮನೆಗಳು ಇಂದಿಗೂ ಭೂಗರ್ಭದ ಶಾಖದಿಂದಲೇ ಬೆಚ್ಚಗಿವೆ. ಲಾರ್ಡೆರೆಲ್ ಮನೆತನದ ಹಳೆಯ ಅರಮನೆಯಲ್ಲಿ ಈಗ ಭೂಶಾಖದ ವಸ್ತುಸಂಗ್ರಹಾಲಯವಿದ್ದು, ಆಮ್ಲದ ಕಡಾಯಿಗಳ ಕಾಲದಿಂದ ಟರ್ಬೈನುಗಳ ಕಾಲದವರೆಗಿನ ಉದ್ಯಮದ ಇತಿಹಾಸವನ್ನು ಅಲ್ಲಿ ನೋಡಬಹುದು.